ಸಣ್ಣ ನಾಯಿಯೋ ದೊಡ್ಡ ನಾಯಿಯೋ? ಫ್ಲ್ಯಾಟಿನ ಅಳತೆ ಆಮೇಲೆ ನೋಡೋಣ

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟು. ಮನೆಯಲ್ಲಿ ನಾನು, ಯಜಮಾನರು, ಎಂಟು ವರ್ಷದ ಮಗಳು, ಮಂಡಿನೋವಿರುವ ಅತ್ತೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ನಾಯಿ ತರೋಣ ಅಂತ ಎಲ್ಲರೂ ಒಪ್ಪಿದ್ದೇವೆ. ಯಾವ ನಾಯಿ ಅನ್ನುವಲ್ಲೇ ಜಗಳ. ನನಗೆ ಸಣ್ಣ ನಾಯಿ ಇಷ್ಟ, ಶಿಟ್ಜು ತರೋಣ ಅಂತೀನಿ. ಯಜಮಾನರದು ಬಾಗಲಕೋಟೆ ಕಡೆ ಊರು. ಮುಧೋಳ ನಾಯಿ ತರೋಣ, ಇಲ್ಲಾಂದ್ರೆ ಲ್ಯಾಬ್ರಡಾರ್ ಅಂತಾರೆ. ‘ನಾಯಿ ಅಂದ್ರ ನಾಯಿ ಇದ್ದಂಗ ಇರಬೇಕು, ಗೊಂಬಿ ಅಲ್ಲ’ ಅನ್ನೋದು ಅವರ ಮಾತು. ಫ್ಲ್ಯಾಟಿಗೆ ಸಣ್ಣ ನಾಯಿನೇ ಸರಿ ಅಲ್ವಾ ಡಾಕ್ಟ್ರೇ? ನೀವೇ ಅವರಿಗೆ ಹೇಳಿ.

ಉತ್ತರ: ಹೇಳುತ್ತೇನೆ. ಆದರೆ ನಿಮ್ಮಿಬ್ಬರಲ್ಲಿ ಒಬ್ಬರಿಗೂ ಪೂರ್ತಿ ಖುಷಿಯಾಗಲಿಕ್ಕಿಲ್ಲ.

ಮನೆ ಸಣ್ಣದು, ಹಾಗಾಗಿ ನಾಯಿಯೂ ಸಣ್ಣದಿರಲಿ ಅನ್ನುವ ಲೆಕ್ಕವನ್ನು ನನ್ನ ಕ್ಲಿನಿಕ್ಕಿಗೆ ಬರುವ ಹೆಚ್ಚಿನವರು ಹಾಕುತ್ತಾರೆ. ಕೇಳೋಕೆ ಸರಿಯಾಗಿಯೇ ಇದೆ. ಆದರೆ ಬೆಳೆದ ನಾಯಿ ಮನೆಯೊಳಗೆ ಮಾಡುವ ಮುಖ್ಯ ಕೆಲಸ ಅಂದರೆ ಮಲಗುವುದು. ಹೆಚ್ಚುಕಡಿಮೆ ಅರ್ಧ ದಿನ ಅದು ನಿದ್ದೆಯಲ್ಲೇ ಇರುತ್ತದೆ. ಗ್ರೇಟ್ ಡೇನ್‌ನಂಥ ದೈತ್ಯ ನಾಯಿಗೂ ಸೋಫಾ ಪಕ್ಕ ಒಂದು ಹಾಸಿಗೆ ಸಿಕ್ಕರೆ ಆಯಿತು, ಆರಾಮಾಗಿ ಬಿದ್ದುಕೊಂಡಿರುತ್ತದೆ. ಅದೇ ಹತ್ತು ಹನ್ನೆರಡು ಕಿಲೋ ತೂಗುವ ಬೀಗಲ್ ನೋಡಿ. ಮೊಲದ ವಾಸನೆ ಹಿಡಿದು ಗಂಟೆಗಟ್ಟಲೆ ಓಡಲಿ ಅಂತಲೇ ಬೆಳೆಸಿದ ತಳಿ ಅದು. ಬೆಳಗ್ಗೆ ಹತ್ತು ನಿಮಿಷ ಕೆಳಗೆ ಸುತ್ತಾಡಿಸಿ ಒಳಗೆ ಕೂಡಿಹಾಕಿ ಆಫೀಸಿಗೆ ಹೋದರೆ, ಸಂಜೆ ಬರುವಷ್ಟರಲ್ಲಿ ಸೋಫಾದ ಸ್ಪಂಜು ಹಾಲ್ ತುಂಬ ಬಿದ್ದಿರುತ್ತದೆ. ಪಕ್ಕದ ಮನೆಯವರ ದೂರು ಬೇರೆ. ಬೀಗಲ್ ಬರೀ ಬೊಗಳುವುದಿಲ್ಲ, ಊಳಿಡುತ್ತದೆ. ಜಾಕ್ ರಸೆಲ್ ಇನ್ನೂ ಸಣ್ಣದು, ಕಾಟದಲ್ಲಿ ಇನ್ನೂ ಒಂದು ಕೈ ಮೇಲೆ.

ಹಾಗಾಗಿ ಚದರಡಿ ಲೆಕ್ಕ ಪಕ್ಕಕ್ಕಿಡಿ. ನಾನು ಮೊದಲು ಕೇಳುವುದು ಬೇರೆ. ನಿಮ್ಮ ಮನೆಯಲ್ಲಿ ನಾಯಿಯನ್ನು ಹಿಡಿದುಕೊಳ್ಳುವವರಲ್ಲಿ ಎಲ್ಲರಿಗಿಂತ ಕಡಿಮೆ ಶಕ್ತಿ ಯಾರಿಗಿದೆ? ನಾಯಿಯ ತೂಕ ಅವರಿಗೆ ಹೊಂದಬೇಕು. ಮನೆಗಲ್ಲ, ಮನೆ ಯಜಮಾನರ ತೋಳಿಗೂ ಅಲ್ಲ.

ನಿಮ್ಮ ಪತ್ರದಲ್ಲೇ ಇದಕ್ಕೆ ಉತ್ತರ ಇದೆ. ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಅತ್ತೆ. ಮಧ್ಯಾಹ್ನ ನಾಯಿಗೆ ಅವಸರವಾದರೆ ಕೆಳಗೆ ಕರೆದುಕೊಂಡು ಹೋಗುವವರು ಅವರೇ. ಸಂಜೆ ಸ್ಕೂಲಿಂದ ಬಂದ ಮಗಳು ‘ನಾನು ಹಿಡ್ಕೋತೀನಿ’ ಅಂತ ಹಟ ಮಾಡುವುದೂ ಗ್ಯಾರಂಟಿ. ಪೂರ್ತಿ ಬೆಳೆದ ಲ್ಯಾಬ್ರಡಾರ್ 25ರಿಂದ 36 ಕಿಲೋ ತೂಗುತ್ತದೆ. ಅದರಲ್ಲಿ ಕೆಟ್ಟ ಬುದ್ಧಿ ಒಂಚೂರೂ ಇರುವುದಿಲ್ಲ. ಗೇಟಿನ ಹತ್ತಿರ ಇನ್ನೊಂದು ನಾಯಿ ಕಂಡರೆ ಮಾತಾಡಿಸೋಣ ಅಂತ ಖುಷಿಯಲ್ಲಿ ಒಮ್ಮೆ ಜಗ್ಗುತ್ತದೆ, ಅಷ್ಟೇ. ಮಂಡಿನೋವಿನವರು ಆ ಒಂದು ಜಗ್ಗಿಗೆ ಮುಂದಕ್ಕೆ ಮುಗ್ಗರಿಸುತ್ತಾರೆ. ಲೀಶನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದರೆ ಇನ್ನೂ ಕಷ್ಟ, ಬಿಡೋಣ ಅಂದರೂ ಕೈ ಬಿಡುವುದಿಲ್ಲ. ನಾಯಿ ಮೈಮೇಲೆ ಹಾರಿ ಬಿದ್ದವರಿಗಿಂತ ಲೀಶ್ ಎಳೆದು ಬಿದ್ದವರ ಕಥೆಯನ್ನೇ ನಾನು ಜಾಸ್ತಿ ಕೇಳುತ್ತೇನೆ. ವಯಸ್ಸಾದವರ ಮೂಳೆ ಒಮ್ಮೆ ಮುರಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ತೂಕದ್ದು ಇನ್ನೊಂದು ಮುಖ ಇದೆ. ಮರಿ ತರುವಾಗ ಅದು ಯಾರ ತಲೆಗೂ ಹೊಳೆಯುವುದಿಲ್ಲ. ನಾಯಿಗೆ ವಯಸ್ಸಾಗುತ್ತದೆ, ಹುಷಾರು ತಪ್ಪುತ್ತದೆ, ಒಂದು ದಿನ ತಾನಾಗಿ ಏಳಲಾರದೆ ಹೋಗುತ್ತದೆ. ಅವತ್ತು ಅದನ್ನು ಮೂರನೇ ಮಹಡಿಯಿಂದ ಇಳಿಸಬೇಕು. ಶಿಟ್ಜುವನ್ನು ಟವೆಲ್‌ನಲ್ಲಿ ಸುತ್ತಿ ಎತ್ತಿಕೊಂಡು ಆಟೊ ಹತ್ತಿದರೆ ಮುಗಿಯಿತು. 34 ಕಿಲೋ ಲ್ಯಾಬ್ ಅಂದರೆ ಹಾಗಲ್ಲ. ನೆಲದ ಮೇಲೆ ಗಟ್ಟಿ ಬೆಡ್‌ಶೀಟ್ ಹಾಸಿ, ನಾಯಿಯನ್ನು ಮೆಲ್ಲಗೆ ಅದರ ಮೇಲೆ ಜಾರಿಸಿ, ನಾಲ್ಕು ಮೂಲೆ ಹಿಡಿದು ಎತ್ತಬೇಕು. ಕನಿಷ್ಠ ಇಬ್ಬರು ಬೇಕೇ ಬೇಕು. ಮೆಟ್ಟಿಲ ತಿರುವಿನಲ್ಲಿ ಕೆಳಗಿರುವವರ ಮೇಲೆ ಅಷ್ಟೂ ಭಾರ ಬರುತ್ತದೆ. ನೋವಿಗೆ ನಾಯಿ ತಿರುಗಿ ಕಚ್ಚಲೂಬಹುದು, ಹಾಗಾಗಿ ಬಾಯಿಗೊಂದು ಬಟ್ಟೆ ಕಟ್ಟಬೇಕು. ಲಿಫ್ಟ್ ಇದೆಯಲ್ಲ ಅನ್ನುತ್ತೀರಿ. ಕರೆಂಟ್ ಹೋಗಿರುತ್ತದೆ. ಯಜಮಾನರು ಊರಲ್ಲಿರುವುದಿಲ್ಲ. ಆಟೊದವರು ದೊಡ್ಡ ನಾಯಿ ನೋಡಿ ಮುಂದಕ್ಕೆ ಹೋಗಿಬಿಡುತ್ತಾರೆ. ಇದನ್ನೆಲ್ಲ ಹೆದರಿಸಲಿಕ್ಕೆ ಹೇಳುತ್ತಿಲ್ಲ. ದೊಡ್ಡ ನಾಯಿ ಸಾಕುವವರು ಪಕ್ಕದ ಮನೆಯ ಒಬ್ಬ ಗಟ್ಟಿಮುಟ್ಟಾದ ಹುಡುಗನ ಜೊತೆಗೂ ದೋಸ್ತಿ ಬೆಳೆಸಿಕೊಳ್ಳಬೇಕು, ಅದಕ್ಕೆ ಹೇಳಿದೆ.

ಈಗ ನಿಮ್ಮ ಯಜಮಾನರ ಇಷ್ಟಕ್ಕೆ ಬರೋಣ. ಅವರ ಊರಿನ ಕಡೆ ಮುಧೋಳ ನಾಯಿ ಅಂದರೆ ಬರೀ ನಾಯಿಯಲ್ಲ, ಹೆಮ್ಮೆ. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಮುತುವರ್ಜಿಯಿಂದ ಬೆಳೆಸಿದವರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪ್ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಸೇನೆಯವರೂ ಇದನ್ನು ತರಬೇತಿಗೆ ತೆಗೆದುಕೊಂಡಿದ್ದಾರೆ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಮೈ, ಗಿಡ್ಡ ಕೂದಲು, ಉದ್ದ ಮೂತಿ, ಆರೋಗ್ಯ ಗಟ್ಟಿ. ಎತ್ತರ ಎರಡು ಅಡಿ ದಾಟಿದರೂ ತೂಕ ಹೆಚ್ಚೆಂದರೆ 28 ಕಿಲೋ ಆಸುಪಾಸು. ಕೊಬ್ಬು ಅನ್ನುವುದೇ ಇರುವುದಿಲ್ಲ. ಮನೆಯೊಳಗೂ ಇದು ಗದ್ದಲದ ನಾಯಿಯಲ್ಲ, ಮೂಲೆಯಲ್ಲಿ ಸುಮ್ನೆ ಸುರುಳಿ ಸುತ್ತಿಕೊಂಡು ಮಲಗುತ್ತದೆ.

ಹಾಗಾದರೆ ತೊಂದರೆ ಏನು? ತೊಂದರೆ ಇರುವುದು ನಿಮ್ಮ ಗೇಟಿನಾಚೆ. ಇದು ಕಣ್ಣಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಬೆಕ್ಕೋ ಅಳಿಲೋ ಸರ್ರಂತ ಓಡಿದರೆ ಇದರ ಕಿವಿ ಮುಚ್ಚಿಹೋಗುತ್ತದೆ, ನೀವೆಷ್ಟು ಕೂಗಿದರೂ ಕೇಳುವುದಿಲ್ಲ. ಮುಧೋಳದ ಎರೆಹೊಲದಲ್ಲಿ ಅದು ಓಡಿದರೆ ನೋಡೋಕೆ ಚೆಂದ. ಇಲ್ಲಿ ಓಡಿದರೆ ಎದುರಿಗೆ ರಿಂಗ್ ರೋಡ್. ಇನ್ನೊಂದು ಸೂಕ್ಷ್ಮ ಇದೆ. ಮುಧೋಳ ನಾಯಿಯ ತಲೆ ಕುತ್ತಿಗೆಗಿಂತ ದಪ್ಪ ಇರುವುದಿಲ್ಲ. ಮಾಮೂಲಿ ಬೆಲ್ಟು ಹಾಕಿ ಹೊರಟರೆ, ಹೆದರಿದಾಗ ನಾಯಿ ಹಿಂದಕ್ಕೆ ಜರುಗಿ ತಲೆ ತಗ್ಗಿಸುತ್ತದೆ. ಬೆಲ್ಟು ಕಿವಿ ದಾಟಿ ಜಾರಿ ನಿಮ್ಮ ಕೈಯಲ್ಲೇ ಉಳಿಯುತ್ತದೆ, ನಾಯಿ ಇರುವುದಿಲ್ಲ. ಇವಕ್ಕೆ ಎಳೆದಾಗ ತುಸು ಬಿಗಿಯಾಗುವ ಅಗಲ ಪಟ್ಟಿಯ ಮಾರ್ಟಿಂಗೇಲ್ ಬೆಲ್ಟು ಅಥವಾ ಎದೆ ಸುತ್ತ ಹಾಕುವ ಒಳ್ಳೆ ಹಾರ್ನೆಸ್ ಬೇಕು. ಸುತ್ತ ಬೇಲಿಯಿರುವ ಜಾಗದಲ್ಲಿ ಬಿಟ್ಟು ಓಡಿಸುವುದೂ ಆಗಬೇಕು. ಊರಲ್ಲಿ ತೋಟ ಇದ್ದು ವಾರವಾರ ಹೋಗಿ ಬರುವವರಿಗೆ ನಾನೇ ಇದನ್ನು ತಗೊಳ್ಳಿ ಅನ್ನುತ್ತೇನೆ. ನಿಮ್ಮ ಮನೆಗೆ ಅನ್ನಲಾರೆ. ಅತ್ತೆಯವರ ಕೈಯಲ್ಲಿ ಮುಧೋಳ ನಾಯಿಯ ಲೀಶ್ ಇರುವುದನ್ನು ನೆನೆಸಿಕೊಂಡರೇ ನನಗೆ ಎದೆ ಝಲ್ ಅನ್ನುತ್ತದೆ.

ಲ್ಯಾಬ್ ಬಗ್ಗೆ ಇನ್ನೆರಡು ಮಾತು. ಕೂದಲು ಉದುರಿಸುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಅತ್ತೆಯವರಿಗೆ ದೇವರ ಮನೆ ಚೊಕ್ಕಟ ಇರಬೇಕು ಅಂತಿದ್ದರೆ ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು ಹಸಿವು. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಲ್ಯಾಬ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಪಿಒಎಂಸಿ ಅನ್ನುವ ಜೀನ್‌ನ ಒಂದು ತುಂಡೇ ಇಲ್ಲ ಅಂತ ಕಂಡುಹಿಡಿದರು. ಅಂಥ ನಾಯಿಗೆ ಊಟದ ಆಸೆ ವಿಪರೀತ. ಅದು ಬಟ್ಟಲು ನೆಕ್ಕಿ ನಿಮ್ಮ ಮುಖ ನೋಡುತ್ತದೆ, ಅಜ್ಜಿ ಕರಗಿ ಒಂದು ಚಪಾತಿ ಹಾಕುತ್ತಾರೆ, ಮಗಳು ಬಿಸ್ಕತ್ತು ಹಾಕುತ್ತಾಳೆ. ಎರಡು ವರ್ಷದಲ್ಲಿ ಲ್ಯಾಬ್ ಟೀಪಾಯಿಯಂತಾಗುತ್ತದೆ. ಮೇಲಿಂದ ಸೊಂಟದ ಕೀಲಿನ ತೊಂದರೆ ಈ ತಳಿಗೆ ಹುಟ್ಟಿನಿಂದಲೇ ಅಂಟಿಕೊಂಡದ್ದು, ತೂಕ ಏರಿದಷ್ಟೂ ಅದು ಕೆಡುತ್ತದೆ. ನಮ್ಮ ಫ್ಲ್ಯಾಟುಗಳ ವಿಟ್ರಿಫೈಡ್ ಟೈಲ್ಸ್ ಬೇರೆ ಕನ್ನಡಿಯಂತೆ ಜಾರುತ್ತದೆ. ದೊಡ್ಡ ತಳಿಯ ಮರಿ ಬೆಳೆಯುವಾಗ ದಿನವೂ ಅದರ ಮೇಲೆ ಕಾಲು ಜಾರಿಸಿಕೊಂಡು ಓಡಾಡುವುದು ಒಳ್ಳೆಯದಲ್ಲ. ಓಡಾಡುವ ದಾರಿಯಲ್ಲಿ ರಬ್ಬರ್ ಮ್ಯಾಟೋ ಜಮಖಾನವೋ ಹಾಸಬೇಕು.

ಇಷ್ಟು ಓದಿ ‘ನೋಡಿದ್ರಾ, ನಾನು ಹೇಳ್ಲಿಲ್ವಾ’ ಅಂತ ನೀವು ಯಜಮಾನರ ಕಡೆ ತಿರುಗುವ ಮುಂಚೆ ಶಿಟ್ಜು ವಿಷಯ ಕೇಳಿ.

ಸಣ್ಣ ನಾಯಿ ಅಂದರೆ ಕೆಲಸ ಕಡಿಮೆ ಅನ್ನುವುದು ತಪ್ಪು. ಶಿಟ್ಜು ಸರಿಯಾದ ತೂಕದಲ್ಲಿದ್ದರೆ ನಾಲ್ಕರಿಂದ ಏಳು ಕಿಲೋ. ಸ್ವಭಾವ ನಿಜವಾಗಿಯೂ ಚಿನ್ನ. ಕೂದಲು ಉದುರುವುದು ಕಡಿಮೆ. ಆದರೆ ಅದೇ ಕೂದಲು ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚದಿದ್ದರೆ ಕಿವಿ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ. ಮೇಲಿಂದ ನೋಡಿದರೆ ನುಣ್ಣಗಿರುತ್ತದೆ, ಬೆರಳು ಒಳಗೆ ಹಾಕಿದರೆ ಕಂಬಳಿ ತುಂಡು ಸಿಗುತ್ತದೆ. ಅದನ್ನು ಬೋಳಿಸಿದಾಗ ಒಳಗಿನ ಚರ್ಮ ಕೆಂಪಾಗಿ ಒದ್ದೆ ಒದ್ದೆ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದೂವರೆ ಎರಡು ತಿಂಗಳಿಗೊಮ್ಮೆ ಗ್ರೂಮಿಂಗ್ ಖರ್ಚು ಇದ್ದೇ ಇರುತ್ತದೆ.

ಇನ್ನು ಮುಖ. ಚಪ್ಪಟೆ ಮೂತಿಯ ನಾಯಿಗಳ ಉಸಿರಿನ ದಾರಿ ಇಕ್ಕಟ್ಟು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಿ ತಣ್ಣಗಾಗುವುದಿಲ್ಲ, ಏದುಸಿರು ಬಿಟ್ಟೇ ತಣ್ಣಗಾಗಬೇಕು. ದಾರಿಯೇ ಇಕ್ಕಟ್ಟಾದರೆ ಏದುವುದಾದರೂ ಹೇಗೆ? ಪಗ್, ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಇದು ಜಾಸ್ತಿ, ಶಿಟ್ಜುವಿನಲ್ಲೂ ಇದೆ. ಗೊರಕೆ ಹೊಡೆಯುತ್ತೆ ಡಾಕ್ಟ್ರೇ, ಎಷ್ಟು ಮುದ್ದು ಅಂತ ವಿಡಿಯೊ ತೋರಿಸುವವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಅದು ಉಸಿರಿಗೆ ಕಷ್ಟಪಡುವ ಸದ್ದು. 2003ರಲ್ಲಿ ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಒಂದು ಪಗ್ ನಡೆದು ಬಂತು, ಅಲ್ಲಿಂದ ಊರೂರಲ್ಲೂ ಹಚ್ ನಾಯಿ ಬೇಕು ಅಂತ ಶುರುವಾಯಿತು. ಏಪ್ರಿಲ್ ಮಧ್ಯಾಹ್ನ ಆ ನಾಯಿಗಳು ಟೇಬಲ್ ಮೇಲೆ ನಾಲಿಗೆ ನೀಲಿಯಾಗಿ ಮಲಗುವುದನ್ನು ಜಾಹೀರಾತಿನಲ್ಲಿ ತೋರಿಸಿರಲಿಲ್ಲ. ಕಣ್ಣೂ ಅಷ್ಟೇ. ಗುಳಿ ಆಳ ಇರುವುದಿಲ್ಲ, ಕಣ್ಣು ಹೊರಗೇ ಇರುತ್ತದೆ. ಒಂದು ಕೂದಲು ಚುಚ್ಚಿದರೂ ಹುಣ್ಣಾಗುತ್ತದೆ. ದೊಡ್ಡ ನಾಯಿ ಕತ್ತು ಹಿಡಿದು ಒಮ್ಮೆ ಅಲ್ಲಾಡಿಸಿದರೆ ಗುಡ್ಡೆಯೇ ಈಚೆ ಬಂದದ್ದೂ ಇದೆ.

2024ರಲ್ಲಿ ಬ್ರಿಟನ್ನಿನ 5.8 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟವಾಯಿತು. ಆಯಸ್ಸು ಜಾಸ್ತಿ ಇದ್ದದ್ದು ಬರೀ ಸಣ್ಣ ನಾಯಿಗಳಿಗಲ್ಲ, ಸಣ್ಣದಾಗಿಯೂ ಇದ್ದು ಮೂತಿ ಉದ್ದ ಇರುವ ನಾಯಿಗಳಿಗೆ. ಸೈಜು ನೋಡುವ ಹೊತ್ತಿನಲ್ಲಿ ಮೂಗೂ ನೋಡಿ ಅಂತ ನಾನು ಹೇಳುವುದು ಅದಕ್ಕೇ.

ಪುಟ್ಟ ತಳಿಗಳ ಮೂಳೆ, ಹಲ್ಲು, ಮಂಡಿ ಎಲ್ಲಕ್ಕೂ ತಮ್ಮದೇ ರಗಳೆ ಇದೆ. ಎರಡು ಮೂರು ಕಿಲೋದ ನಾಯಿ ಮಗುವಿನ ಕೈಯಿಂದ ಜಿಗಿದರೆ ಮುಂಗಾಲಿನ ಮೂಳೆ ಲಟಕ್ಕಂತ ಮುರಿಯಬಹುದು. ಆ ಜಾಗದಲ್ಲಿ ರಕ್ತ ಓಡಾಟ ಕಡಿಮೆ, ಕೂಡಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಬಹಳಷ್ಟು ಸಲ ಪ್ಲೇಟ್ ಹಾಕಬೇಕಾಗುತ್ತದೆ. ನಡೆಯುತ್ತಾ ನಡೆಯುತ್ತಾ ಹಿಂಗಾಲೊಂದನ್ನು ಎತ್ತಿ ನಾಲ್ಕು ಹೆಜ್ಜೆ ಕುಪ್ಪಳಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಕಾಲೂರುವ ಸಣ್ಣ ನಾಯಿ ನೋಡಿದ್ದೀರಾ? ಅದು ತುಂಟತನವಲ್ಲ, ಮಂಡಿಚಿಪ್ಪು ಜಾರಿ ವಾಪಸ್ ಕೂತದ್ದು. ಕೆಮ್ಮಿದಾಗ ಬಾತುಕೋಳಿ ಕೂಗಿದಂತೆ ಸದ್ದು ಬಂದರೆ ಶ್ವಾಸನಾಳ ಕುಸಿಯುತ್ತಿದೆ ಅಂತ ಅನುಮಾನಪಡಬೇಕು. ಅಂಥ ನಾಯಿಗೆ ಕತ್ತಿನ ಬೆಲ್ಟು ಬೇಡ, ಹಾರ್ನೆಸ್ ಹಾಕಿ. ‘ಟೀಕಪ್’ ನಾಯಿ ಅಂತ ಅಂಗೈ ಮೇಲಿಟ್ಟು ಮಾರುತ್ತಾರಲ್ಲ, ಅಂಥ ತಳಿಯೇ ಇಲ್ಲ. ಬೆಳೆಯದೆ ಉಳಿದ ಮರಿಯನ್ನೋ, ತಾಯಿ ಹಾಲು ಬಿಡುವ ಮೊದಲೇ ತಂದ ಮರಿಯನ್ನೋ ದುಪ್ಪಟ್ಟು ದುಡ್ಡಿಗೆ ಕೊಡುತ್ತಿದ್ದಾರೆ. ಒಂದು ಹೊತ್ತು ಊಟ ತಪ್ಪಿದರೂ ಅಂಥ ಮರಿಗೆ ಸಕ್ಕರೆ ಅಂಶ ಇಳಿದು ಫಿಟ್ಸ್ ಬರಬಹುದು.

ಸಣ್ಣ ನಾಯಿಯಲ್ಲಿ ನನಗೆ ಕಿರಿಕಿರಿಯಾಗುವುದು ನಾಯಿಯದಲ್ಲ, ಮನೆಯವರದು. ಲ್ಯಾಬ್ ಒಂದು ಗುರ್ ಅಂದರೆ ಮನೆಯವರೆಲ್ಲ ಗಾಬರಿಯಾಗಿ ಟ್ರೇನರ್ ಹುಡುಕುತ್ತಾರೆ. ಐದು ಕಿಲೋ ನಾಯಿ ಬಂದ ನೆಂಟರ ಕಾಲಿಗೆ ಬಾಯಿ ಹಾಕಿದರೆ ‘ಅಯ್ಯೋ, ಪಾಪು ಕೋಪ ಮಾಡ್ಕೊಂಡಿದೆ’ ಅಂತ ಎತ್ತಿಕೊಂಡು ಮುದ್ದು ಮಾಡುತ್ತಾರೆ. ಅದಕ್ಕೇನು ಅರ್ಥವಾಯಿತು? ಕಚ್ಚಿದರೆ ಎತ್ತಿಕೊಳ್ಳುತ್ತಾರೆ ಅಂತ. 2010ರಲ್ಲಿ ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ನಾಯಿ ಮಾಲೀಕರನ್ನು ಕೇಳಿ ನೋಡಿದಾಗಲೂ ಇದೇ ಕಂಡಿತು. ಸಣ್ಣ ನಾಯಿಯವರು ತರಬೇತಿ ಕೊಡುವುದು ಕಡಿಮೆ, ಇವತ್ತು ಬೇಡ ಅಂದದ್ದನ್ನು ನಾಳೆ ಬಿಡುವುದು ಜಾಸ್ತಿ. ಆ ನಾಯಿಗಳಲ್ಲಿ ಅಂಜಿಕೆ, ರೇಗಾಟವೂ ಜಾಸ್ತಿ. ಸಣ್ಣದು, ಕಚ್ಚಿದರೆ ಏನಾಗುತ್ತೆ ಅನ್ನಬೇಡಿ. ರೇಬಿಸ್‌ಗೆ ಹಲ್ಲಿನ ಗಾತ್ರ ಲೆಕ್ಕಕ್ಕಿಲ್ಲ. ಮನೆಯಿಂದ ಆಚೆಯೇ ಹೋಗಲ್ಲ ಡಾಕ್ಟ್ರೇ ಅಂತ ಸಣ್ಣ ನಾಯಿಯ ಲಸಿಕೆ ತಪ್ಪಿಸುವವರು ಇದ್ದಾರೆ. ಮೂರು ತಿಂಗಳಿಗೆ ಮೊದಲ ಡೋಸು, ಆಮೇಲೆ ನಿಮ್ಮ ಡಾಕ್ಟರು ಕಾರ್ಡಿನಲ್ಲಿ ಬರೆದ ತಾರೀಖಿಗೆ ಸರಿಯಾಗಿ ಮುಂದಿನದು. ಸೈಜು ಎಷ್ಟೇ ಇರಲಿ.

ಅತ್ತೆಯವರ ದೃಷ್ಟಿಯಿಂದ ಇನ್ನೊಂದು ಮಾತಿದೆ. ದೊಡ್ಡ ನಾಯಿ ಎಳೆದು ಬೀಳಿಸಿದರೆ ಸಣ್ಣ ನಾಯಿ ಕಾಲಿಗೆ ಸಿಕ್ಕು ಬೀಳಿಸುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದಾಗ ಕತ್ತಲಲ್ಲಿ ಚಪ್ಪಲಿ ಯಾವುದು, ಶಿಟ್ಜು ಯಾವುದು ಗೊತ್ತಾಗುವುದಿಲ್ಲ. ಒಂದು ಸಣ್ಣ ನೈಟ್ ಲ್ಯಾಂಪು ಮತ್ತು ಗೆಜ್ಜೆ ಕಟ್ಟಿದ ಬೆಲ್ಟು ಇದ್ದರೆ ಒಳ್ಳೆಯದು.

ಖರ್ಚಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆರು ಕಿಲೋ ನಾಯಿಗೆ ದಿನಕ್ಕೆ ಸುಮಾರು 430 ಕಿಲೋ ಕ್ಯಾಲೊರಿ ಬೇಕು, 30 ಕಿಲೋ ನಾಯಿಗೆ ಸುಮಾರು 1,400. ತೂಕ ಐದು ಪಟ್ಟಾದರೂ ಊಟ ಮೂರೂವರೆ ಪಟ್ಟಿನೊಳಗೇ ಇದೆ. ಸಣ್ಣ ಮೈ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಕಿಲೋ ಲೆಕ್ಕದಲ್ಲಿ ಅದಕ್ಕೇ ಜಾಸ್ತಿ ಊಟ ಬೇಕು. ನಿಜವಾಗಿ ಜೇಬು ಕತ್ತರಿಸುವುದು ಊಟಕ್ಕಿಂತ ಔಷಧ. ಉಣ್ಣೆಹುಳದ ಮಾತ್ರೆ ತೂಕದ ಮೇಲೆ ಬರುತ್ತದೆ, ಅರಿವಳಿಕೆ ತೂಕದ ಮೇಲೆ, ಡ್ರಿಪ್ಪು, ಆ್ಯಂಟಿಬಯೋಟಿಕ್ ಎಲ್ಲ ತೂಕದ ಮೇಲೆ. ಬೆಂಗಳೂರಿನಲ್ಲಿ ಉಣ್ಣೆಹುಳದಿಂದ ಬರುವ ಟಿಕ್ ಫೀವರ್ ಕಾಟ ವರ್ಷವಿಡೀ ಇದೆ, ಆ ಮಾತ್ರೆ ತಪ್ಪಿಸುವ ಹಾಗಿಲ್ಲ. ಬೋರ್ಡಿಂಗ್‌ನಲ್ಲಿ ಬಿಟ್ಟು ಊರಿಗೆ ಹೋದರೂ ದೊಡ್ಡ ನಾಯಿಗೆ ದುಡ್ಡು ಜಾಸ್ತಿ.

ದೊಡ್ಡ ತಳಿಯ ಮರಿ ತಂದವರೆಲ್ಲ ಮೊದಲ ವಾರವೇ ಕ್ಯಾಲ್ಸಿಯಂ ಸಿರಪ್ ಹಾಕಲು ಶುರು ಮಾಡುತ್ತಾರೆ. ಒಳ್ಳೆ ಪಪ್ಪಿ ಫುಡ್ ತಿನ್ನುವ ಮರಿಗೆ ಅದು ಬೇಡವೇ ಬೇಡ. ದೊಡ್ಡ ತಳಿಯಲ್ಲಿ ಹೆಚ್ಚಿನ ಕ್ಯಾಲ್ಸಿಯಂ ಮೂಳೆಯನ್ನು ಗಟ್ಟಿ ಮಾಡುವ ಬದಲು ಸೊಟ್ಟ ಮಾಡುತ್ತದೆ. ಬರೀ ರಾಗಿ ಮುದ್ದೆ, ಮೊಸರನ್ನದಲ್ಲಿ ಬೆಳೆಸುವವರ ಕಥೆ ಬೇರೆ. ಅಲ್ಲಿ ಪ್ರೋಟೀನೇ ಸಾಲದು. ಮೊಟ್ಟೆ, ಕೋಳಿ ಸೇರಿಸಬೇಕು. ಮನೆಯಲ್ಲಿ ಅದು ನಡೆಯುವುದಿಲ್ಲ ಅಂದರೆ ಪ್ಯಾಕೆಟ್ ಊಟವೇ ಸರಿ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ‘ಸಣ್ಣ ನಾಯಿಗೆ ಮಾತ್ರ ಪರ್ಮಿಷನ್’ ಅಂದರೆ ಹೆದರಬೇಡಿ. ಅನಿಮಲ್ ವೆಲ್‌ಫೇರ್ ಬೋರ್ಡ್ ಆಫ್ ಇಂಡಿಯಾ 2015ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ತಳಿ, ಸೈಜು ನೋಡಿ ನಾಯಿ ಬೇಡ ಅನ್ನುವ ಹಾಗಿಲ್ಲ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಅದೂ ಪಟ್ಟಿಯಲ್ಲಿರುವ ತಳಿ ಮಾತ್ರ ಅಂತ ನಿಯಮ ತರಲು ಹೋಗಿ, ಜನ ತಿರುಗಿ ಬಿದ್ದ ಮೇಲೆ ಹಿಂದೆ ಸರಿಯಿತು. 2024ರಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಅಂತ ನಿಷೇಧಿಸಲು ಹೊರಡಿಸಿದ ಸುತ್ತೋಲೆಯನ್ನು ನಮ್ಮ ಹೈಕೋರ್ಟೇ ರದ್ದು ಮಾಡಿತು. ನಿಮ್ಮ ಮನೆಯ ಚರ್ಚೆಯಲ್ಲಿರುವ ಮೂರೂ ಆ ಪಟ್ಟಿಯಲ್ಲಿ ಇರಲಿಲ್ಲ, ಬಿಡಿ. ಲೈಸೆನ್ಸ್ ಮಾಡಿಸಿ, ಕಕ್ಕ ನೀವೇ ಎತ್ತಿ. ಅಷ್ಟು ಮಾಡಿದರೆ ಅರ್ಧ ಜಗಳ ಇರುವುದಿಲ್ಲ.

ಆಯಸ್ಸಿನ ಮಾತೂ ನಿಮ್ಮ ಯಜಮಾನರಿಗೆ ಗೊತ್ತಿರಲಿ. ಆನೆ, ತಿಮಿಂಗಿಲ ಅಂತ ನೋಡಿದರೆ ದೊಡ್ಡ ಪ್ರಾಣಿಗಳೇ ಜಾಸ್ತಿ ವರ್ಷ ಬದುಕುವುದು. ನಾಯಿಗಳ ನಡುವೆ ಮಾತ್ರ ಉಲ್ಟಾ. ಗ್ರೇಟ್ ಡೇನ್ ಏಳೆಂಟು ವರ್ಷಕ್ಕೆ ಮುದಿಯಾಗಿಬಿಡುತ್ತದೆ, ಲ್ಯಾಬ್ ಹನ್ನೊಂದು ಹನ್ನೆರಡು, ಸಣ್ಣ ತಳಿಗಳು ಹದಿನಾಲ್ಕು ಹದಿನೈದಕ್ಕೂ ಹೋಗುತ್ತವೆ. ಐಜಿಎಫ್-1 ಅನ್ನುವ ಬೆಳವಣಿಗೆಯ ಜೀನ್ ನಾಯಿಯ ಸೈಜನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ ಅಂತ 2007ರಲ್ಲಿ ಗೊತ್ತಾಯಿತು. ನಾಯಿಯನ್ನು ಸಣ್ಣದಾಗಿಸುವ ಅದರ ರೂಪವನ್ನು ಮನುಷ್ಯರು ಇತ್ತೀಚೆಗೆ ಆರಿಸಿ ಬೆಳೆಸಿದ್ದು ಅಂದುಕೊಂಡಿದ್ದರು. 2022ರಲ್ಲಿ ನೋಡಿದರೆ 54,000 ವರ್ಷ ಹಿಂದಿನ ಸೈಬೀರಿಯಾದ ತೋಳದಲ್ಲೇ ಅದು ಸಿಕ್ಕಿತು! ಸಣ್ಣ ನಾಯಿ ಅಂದರೆ ಗೊಂಬೆ ಅನ್ನುವ ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಆ ಸಣ್ಣತನವೂ ತೋಳದ ಮನೆಯಿಂದಲೇ ಬಂದದ್ದು.

ಹಾಗಂತ ಇಷ್ಟಕ್ಕೆ ಬೆಲೆಯೇ ಇಲ್ಲ ಅಂತಲ್ಲ. ನೋಡಿದ ಕೂಡಲೇ ಮನಸ್ಸು ಅರಳದ ನಾಯಿಯನ್ನು ಹನ್ನೆರಡು ವರ್ಷ ಬೆಳಗಿನ ಜಾವ ವಾಕಿಂಗ್ ಕರೆದುಕೊಂಡು ಹೋಗುವುದು ಯಾರಿಂದಲೂ ಆಗದು. ಆದರೆ ಇಷ್ಟದ ಒಳಗೆ ಏನಿದೆ ಅಂತ ಸ್ವಲ್ಪ ಕೆದಕಿ ನೋಡಿ. ನಿಮಗೆ ಬೇಕಾದದ್ದು ಸಂಜೆ ದಣಿದು ಬಂದಾಗ ಪಕ್ಕ ಬಂದು ಒರಗುವ ಜೀವ ಅಂತ ಕಾಣುತ್ತದೆ. ಅದಕ್ಕೆ ನಾಲ್ಕೇ ಕಿಲೋ ಇರಬೇಕಾಗಿಲ್ಲ. ಯಜಮಾನರಿಗೆ ಬೇಕಾದದ್ದು ಜೊತೆಗೆ ಓಡುವ, ಕರೆದರೆ ಬರುವ, ಬಾಗಿಲಲ್ಲಿ ಅಪರಿಚಿತರು ನಿಂತರೆ ಗದರಿಸುವ ನಾಯಿ. ಅದಕ್ಕೆ 30 ಕಿಲೋ ಇರಬೇಕಾಗಿಲ್ಲ.

ನಿಮ್ಮ ಮನೆಗೆ ನಾನು ಹೇಳುವುದು 10ರಿಂದ 16 ಕಿಲೋ ಒಳಗಿನ ನಾಯಿ. ಅದರಲ್ಲೂ ನನ್ನ ಮೊದಲ ಓಟು ನಮ್ಮ ನಾಟಿ ನಾಯಿಗೆ. ಬೀದಿಯಲ್ಲಿ ಕಾಣುತ್ತದೆ ಅಂತ ಕಂತ್ರಿ ಅನ್ನುತ್ತೇವೆ, ಆದರೆ ಈ ಹವಾಮಾನಕ್ಕೆ ಇಷ್ಟು ಹೊಂದುವ ಮೈ ಬೇರೆ ಇಲ್ಲ. ಉದ್ದ ಮೂತಿ, ಗಿಡ್ಡ ಕೂದಲು, ತಳಿಯಿಂದ ಬರುವ ಕಾಯಿಲೆ ಕಡಿಮೆ. ಮರಿ ತರಬೇಡಿ. ಎರಡು ಮೂರು ವರ್ಷದ, ಮರಿಯಾಗದಂತೆ ಆಪರೇಷನ್ ಆಗಿರುವ ಹೆಣ್ಣು ನಾಯಿ ನೋಡಿ. ಅವು ಗಂಡಿಗಿಂತ ಸಾಮಾನ್ಯವಾಗಿ ತುಸು ಹಗುರ. ಬೆಳೆದ ನಾಯಿಯಲ್ಲಿ ಸೈಜು ಇಷ್ಟೇ ಅಂತ ಕಣ್ಣಿಗೇ ಕಾಣುತ್ತದೆ, ಸ್ವಭಾವವೂ ಗೊತ್ತಿರುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಎರಡು ಗಂಟೆಗೊಮ್ಮೆ ಮರಿಯ ಉಚ್ಚೆ ಒರೆಸುವ ಕೆಲಸ ಅತ್ತೆಯವರ ತಲೆಗೆ ಬರುವುದಿಲ್ಲ.

ಎರಡನೆಯದು ಸ್ಪಿಟ್ಜ್. ನಮ್ಮಲ್ಲಿ ಪೊಮೆರೇನಿಯನ್, ಪಾಮ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಅಸಲಿ ಪೊಮೆರೇನಿಯನ್ ಎರಡು ಮೂರು ಕಿಲೋ ಅಷ್ಟೇ. ಸ್ಪಿಟ್ಜ್‌ನಲ್ಲಿ ದೊಡ್ಡ ಜಾತಿಯದು ಹತ್ತು ಹನ್ನೆರಡು ಕಿಲೋವರೆಗೂ ಬರುತ್ತದೆ. ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಮೇಷ್ಟ್ರ ಮನೆ, ಡಾಕ್ಟ್ರ ಮನೆ ಅಂತ ಎಲ್ಲ ಕಡೆ ಇದೇ ಇತ್ತು. ಈಗ ಫ್ಯಾಷನ್ ಹೋಗಿದೆ, ಅದರಿಂದ ನಾಯಿಗೇನೂ ನಷ್ಟವಾಗಿಲ್ಲ. ಬುದ್ಧಿ ಚುರುಕು, ಮನೆಯವರನ್ನು ಬಿಟ್ಟಿರುವುದಿಲ್ಲ, ಬಾಗಿಲ ಸದ್ದಿಗೆ ಯಾವ ಅಲಾರಮ್ಮೂ ಸಾಟಿಯಿಲ್ಲ. ಬೊಗಳುವುದು ಮಾತ್ರ ಕೊಂಚ ಜಾಸ್ತಿ. ಚಿಕ್ಕಂದಿನಿಂದಲೇ ‘ಸಾಕು’ ಅನ್ನುವ ಮಾತು ಕಲಿಸಬೇಕು.

ಇಷ್ಟಾದ ಮೇಲೂ ಶಿಟ್ಜುವೇ ಬೇಕು ಅಂದರೆ ಬೇಡ ಅನ್ನುವುದಿಲ್ಲ. ಆದರೆ ಮೂಗಿನ ಹೊಳ್ಳೆ ಚೆನ್ನಾಗಿ ತೆರೆದಿರುವ ಮರಿಯನ್ನೇ ಆರಿಸಿ. ತಾಯಿನಾಯಿಯನ್ನು ಮೆಟ್ಟಿಲು ಹತ್ತಿಸಿ ಉಸಿರು ಕೇಳಿಸಿಕೊಳ್ಳಿ. ತಾಯಿಯನ್ನು ತೋರಿಸದ ಬ್ರೀಡರ್ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ. ಎಂಟು ವಾರ ತುಂಬದ ಮರಿ ಮಾರುವ ಹಾಗಿಲ್ಲ ಅಂತ 2017ರ ಕೇಂದ್ರದ ನಿಯಮವೇ ಇದೆ, ಬ್ರೀಡರ್ ನೋಂದಣಿ ಮಾಡಿಸಿರಲೂಬೇಕು. ಲ್ಯಾಬ್ ಆದರೆ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಕೇಳಿ. ಬಹಳಷ್ಟು ಜನ ಕೊಡುವುದಿಲ್ಲ, ಕೊಡುವವರು ಸಿಕ್ಕರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಅವರಲ್ಲೇ ತಗೊಳ್ಳಿ.

ದತ್ತು ಕೊಡುವ ಕಡೆಗೆ ಮನೆಮಂದಿಯೆಲ್ಲ ಹೋಗಿ, ಅತ್ತೆಯವರನ್ನೂ ಕರೆದುಕೊಂಡು. ನಾಯಿಯ ಲೀಶನ್ನು ಮೊದಲು ಅವರ ಕೈಗೇ ಕೊಡಿ, ಕಾಂಪೌಂಡಿನೊಳಗೆ ಒಂದು ಸುತ್ತು ಬರಲಿ. ಇನ್ನೊಂದು ನಾಯಿ ಎದುರಾದಾಗ ಏನು ಮಾಡುತ್ತದೆ ಅಂತ ಯಜಮಾನರು ನೋಡಲಿ. ಮಗಳು ನೆಲದ ಮೇಲೆ ಸುಮ್ಮನೆ ಕೂರಲಿ, ನಾಯಿ ತಾನಾಗಿ ಬರುತ್ತದಾ ನೋಡಿ. ಒಂದೇ ಸಲಕ್ಕೆ ತೀರ್ಮಾನ ಮಾಡದೆ ಇನ್ನೊಂದು ದಿನ ಮತ್ತೆ ಹೋಗಿ ಬನ್ನಿ. ದೀಪಾವಳಿ ಹತ್ತಿರ ಇದ್ದರೆ ಅದು ಕಳೆಯುವವರೆಗೆ ಮನೆಗೆ ತರಬೇಡಿ. ಹೊಸ ಜಾಗದ ಗಾಬರಿಯ ಮೇಲೆ ಪಟಾಕಿ ಸದ್ದೂ ಸೇರಿದರೆ ಎಷ್ಟೋ ನಾಯಿಗಳು ಮೊದಲ ವಾರವೇ ತಪ್ಪಿಸಿಕೊಂಡು ಓಡಿಹೋಗುತ್ತವೆ.